ಮುಂದಕ್ಕೆ ಓಡಿಸಲಾಗದ ಹುಳ

ಶಾಲೆ ತೆರೆಯಲು ಮೂರೇ ವಾರ ಇತ್ತು. ಹೊಲಿಗೆ ಅಕ್ಕನ ಮನೆಯಲ್ಲಿ ಯೂನಿಫಾರ್ಮಿನ ನೀಲಿ ಬಟ್ಟೆ ಗುಡ್ಡದ ಹಾಗೆ ಬಿದ್ದಿತ್ತು. ಆ ಗುಡ್ಡಕ್ಕೆ ಒರಗಿಕೊಂಡು ಅವಳ ಮಗಳು ಮಿಣುಕಿ ಬೆಳಿಗ್ಗೆಯಿಂದ ಫೋನ್ ನೋಡುತ್ತಿದ್ದಳು. ಮೂರನೇ ಕ್ಲಾಸಿನ ಹುಡುಗಿ, ಊಟಕ್ಕೆ ಕರೆದರೂ ತಲೆ ಎತ್ತುತ್ತಿರಲಿಲ್ಲ.

ಅಕ್ಕನಿಗೆ ಅದೇ ನೆಮ್ಮದಿ. ಓಣಿ ದಾಟಿದರೆ ದೊಡ್ಡ ರಸ್ತೆ, ಲಾರಿಗಳ ಓಡಾಟ. ಮಗಳು ಕಣ್ಣೆದುರಿಗಿದ್ದರೆ ಸಾಕು ಅಂದುಕೊಂಡಿದ್ದಳು.

ಒಂದು ಸಂಜೆ ಆಸ್ಪತ್ರೆಯ ನರ್ಸಮ್ಮ ರವಿಕೆ ಒಯ್ಯಲು ಬಂದರು. ಅಕ್ಕ ಮೆಷಿನ್ ನಿಲ್ಲಿಸಿ, ಹೊಸ್ತಿಲಲ್ಲಿ ನಿಂತು ದೂರದ ನೀರಿನ ಟ್ಯಾಂಕು ನೋಡುತ್ತಿದ್ದಳು. ಯಾರಿಗೆ ಕಾಯ್ತಿದ್ದೀರಿ ಎಂದು ಕೇಳಿದರು. ಯಾರಿಗೂ ಇಲ್ಲ, ಕೆಲಸ ಕಲಿಸಿದ ಚಿಕ್ಕಮ್ಮನ ಕಟ್ಟಪ್ಪಣೆ ಇದು, ಎರಡು ಅಂಗಿ ಮುಗಿದ ಮೇಲೆ ಕಣ್ಣು ದೂರ ಹಾಯಿಸದಿದ್ದರೆ ಹೊಲಿಗೆ ಸೊಟ್ಟಗಾಗುತ್ತೆ ಎಂದಳು ಅಕ್ಕ.

ನರ್ಸಮ್ಮ ಒಳಗೆ ಇಣುಕಿದರು. "ನಿಮ್ಮ ಕಣ್ಣಿಗೆ ಎರಡು ಅಂಗಿಗೊಂದು ಬಿಡುವು. ಅವಳ ಕಣ್ಣಿಗೆ ಯಾವಾಗಕ್ಕಾ?"

ಅಕ್ಕನಿಗೆ ಚುರುಕ್ ಎಂದಿತು. "ಹೊರಗೆ ಬಿಟ್ಟು ಲಾರಿಗೆ ಕೊಡ್ಲಾ? ಫೋನಲ್ಲೂ ಕಲೀತಾಳೆ ನರ್ಸಮ್ಮ. ಹುಳ ಚಿಟ್ಟೆಯಾಗೋದು ಹೇಗೆ ಅಂತ ನನಗೇ ಪಾಠ ಮಾಡ್ತಾಳೆ."

ಫೋನೇ ಬೇಡ ಅಂತಲ್ಲ, ಅದಕ್ಕೊಂದು ಹೊತ್ತಿರಲಿ ಎಂದರು ನರ್ಸಮ್ಮ. ಬೆಳೆಯೋ ಮಕ್ಕಳಿಗೆ ಹಗಲಿನ ಬೆಳಕು, ಓಟ, ದೂರದ ನೋಟ ಬೇಕು; ಕಣ್ಣಿಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಹಾಗೆ ಹೇಳುತ್ತಲೇ ಮಿಣುಕಿಯನ್ನು ಕರೆದು, ಅಂಗಳದ ನಿಂಬೆ ಗಿಡದಲ್ಲಿ ಎಲೆ ಮೇಯುತ್ತಿದ್ದ ಹಸಿರು ಹುಳ ತೋರಿಸಿದರು.

ಮಿಣುಕಿ ಕುಕ್ಕರಗಾಲಲ್ಲಿ ಕೂತಳು. ಒಂದು ನಿಮಿಷ ನೋಡಿದಳು. ಆಮೇಲೆ ಎಲೆಯ ಮೇಲೆ ಬೆರಳಿಟ್ಟು, ಫೋನಿನಲ್ಲಿ ಮಾಡುವ ಹಾಗೆ ಪಕ್ಕಕ್ಕೆ ಸರಿಸಿದಳು.

"ಅಮ್ಮಾ, ಇದನ್ನ ಮುಂದಕ್ಕೆ ಓಡ್ಸು. ಚಿಟ್ಟೆ ಬರೋ ಕಡೆಗೆ."

ನರ್ಸಮ್ಮ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಮಗಳ ಆ ಪುಟ್ಟ ಬೆರಳನ್ನೇ ನೋಡುತ್ತಾ ನಿಂತಳು. "ಇದು ಓಡಲ್ಲ ಕಂದಾ," ಎಂದಳು ಕೊನೆಗೆ. "ನಾವೇ ದಿನಾ ಬಂದು ನೋಡ್ಬೇಕು."

ಮರುದಿನದಿಂದ ಐದು ಗಂಟೆಯಾದರೆ ಫೋನು ಗುಂಡಿ ಡಬ್ಬಿಯೊಳಗೆ. ರಸ್ತೆಯ ಚಿಂತೆಯನ್ನು ಎದುರುಮನೆಯ ಲಾರಿ ತಾತ ಹೊತ್ತುಕೊಂಡರು. ಮೂವತ್ತು ವರ್ಷ ಲಾರಿ ಓಡಿಸಿದವರು ಓಣಿಯ ಬಾಯಿಗೆ ಕುರ್ಚಿ ಹಾಕಿ ಕೂತು, ನನ್ನ ದಾಟಿ ಹೋಗೋ ಮಗು ಇನ್ನೂ ಹುಟ್ಟಿಲ್ಲ ಎಂದರು.

ಎರಡು ದಿನ ಮಿಣುಕಿ ಮುಖ ಊದಿಸಿಕೊಂಡು ಹೊಸ್ತಿಲಲ್ಲೇ ಕೂತಳು. ಮೂರನೇ ದಿನ ಕಿರುಚುತ್ತಾ ಒಳಗೆ ಓಡಿಬಂದಳು. ಹುಳ ಹೋಗಿ ಕಡ್ಡಿಗೊಂದು ಹಸಿರು ಗೂಡು ಅಂಟಿತ್ತು. ಅದರ ನಡುವಿಗೆ ಒಂದೇ ಎಳೆ ದಾರ. ಅಕ್ಕ ಕನ್ನಡಕ ಏರಿಸಿ ನೋಡಿದಳು. ಇಷ್ಟು ವರ್ಷ ಹೊಲಿದವಳಿಗೂ ಅದರ ಗಂಟು ಎಲ್ಲಿದೆ ಅಂತ ಗೊತ್ತಾಗಲಿಲ್ಲ.

ಸುದ್ದಿ ಹಬ್ಬಿತು. ಗೂಡು ನೋಡಲು ಬಂದ ಮಕ್ಕಳು ಅಲ್ಲೇ ಕುಂಟಾಟಕ್ಕೆ ಇಳಿದರು. ಮಿಣುಕಿ ಸಂಜೆ ಬೆವರಿ ಬಂದು, ಉಂಡು, ಮಲಗಿದ ಕೂಡಲೇ ನಿದ್ದೆ ಹೋಗತೊಡಗಿದಳು.

ಶಾಲೆಗೆ ನಾಲ್ಕು ದಿನ ಇರುವಾಗ, ಒಂದು ಬೆಳಿಗ್ಗೆ ಗೂಡು ಬಿರಿಯಿತು. ಅಕ್ಕ ಅರ್ಧ ಹೊಲಿದ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಓಡಿದಳು. ಮುದುಡಿದ ಒದ್ದೆ ರೆಕ್ಕೆ ಮೆಲ್ಲಮೆಲ್ಲನೆ ಮಡಿಕೆ ಬಿಚ್ಚಿತು. ಕಪ್ಪು ಬಟ್ಟೆಗೆ ಹಳದಿ ಚುಕ್ಕಿ ಹೊಲಿದಂತಿತ್ತು. ಓಣಿಯ ಮಕ್ಕಳೂ ಬಂದು ಗಿಡದ ಸುತ್ತ ಕೂತರು. ಒಂದು ಗಂಟೆಯಾಗಿರಬೇಕು, ಮಿಣುಕಿ ಕದಲಲಿಲ್ಲ. ಚಿಟ್ಟೆ ಹಾರಿತು. ಮಕ್ಕಳೆಲ್ಲ ಹಿಂದೆ ಓಡಿದರು. ಓಣಿಯ ಬಾಯಲ್ಲಿ ತಾತ ಎರಡೂ ಕೈ ಚಾಚಿ ತಡೆದರು. ಚಿಟ್ಟೆ ಮಾತ್ರ ಅವರ ಬೋಳುತಲೆಯ ಮೇಲಿಂದ ದಾಟಿ ಹೋಯಿತು.

ಮಿಣುಕಿ ಬಂದು ಫೋನ್ ಕೇಳಿದಳು. ಅಕ್ಕನ ಹುಬ್ಬು ಗಂಟಾಯಿತು. ಅದರ ಹೆಸರು ಹುಡುಕಬೇಕಂತೆ. ಹುಡುಕಿದಳು, ಅಮ್ಮನಿಗೆ ಓದಿ ಹೇಳಿದಳು, ತಾನೇ ಗುಂಡಿ ಡಬ್ಬಿಗೆ ಹಾಕಿ ಮುಚ್ಚಿದಳು. "ಅಮ್ಮಾ ಬಾ, ಕೆಳಗಿನ ಎಲೇಲಿ ಇನ್ನೊಂದು ಹುಳ ಇದೆ."

ಓದುತ್ತಿರುವ ಅಮ್ಮ, ಅಪ್ಪ, ಅಜ್ಜಿ, ತಾತಂದಿರೇ, ನಿಮ್ಮ ಮಗು ಈಗ ಎಲ್ಲಿ ಕೂತಿದೆ? ಫೋನಿಗೊಂದು ಹೊತ್ತು, ಒಂದು ಡಬ್ಬಿ ಗೊತ್ತುಮಾಡಿ. ಓಣಿಯ ಬಾಯಿಗೆ ಒಬ್ಬರು ಕುರ್ಚಿ ಹಾಕಿ. ನಾಳೆಯವರೆಗೆ ಕಾಯಬೇಡಿ, ಇವತ್ತು ಸಂಜೆಯೇ ಮಗುವಿನ ಕೈ ಹಿಡಿದು ಹೊರಗೆ ಬನ್ನಿ.