ಉಬ್ಬಸ ಇಲ್ಲವೆಂದು ಬರೆದ ಕಾಗದ

ಡಾಕ್ಟರ್ ಮಾಧವರಾಯರ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಮೊಳೆ ಇದೆ. ಆ ಮೊಳೆಗೆ ಪಕ್ಕದ ಮನೆಯ ಮೋರೀನಬಾಯಿಯ ಬೀಗದ ಕೈ. ಮೋರೀನಬಾಯಿಯ ಮನೆಯಲ್ಲೂ ಇಂಥದೇ ಒಂದು ಮೊಳೆ, ಅದಕ್ಕೆ ರಾಯರ ಬೀಗದ ಕೈ. ಲಂಡನ್ನಿನ ಗ್ರೀನ್‌ಫರ್ಡಿನ ಆ ಮನೆಸಾಲಿನಲ್ಲಿ ಒಂಟಿಯಾಗಿರುವ ಮುದುಕರು ಹೀಗೇ ಮಾಡಿಕೊಂಡಿರುತ್ತಾರೆ. ಎಲ್ಲಾದರೂ ಬಿದ್ದರೆ ಪೊಲೀಸರು ಬಂದು ಬಾಗಿಲು ಒಡೆಯುವುದು ತಪ್ಪಲಿ ಎಂದು. ನಾಲ್ಕು ವರ್ಷದ ಹಿಂದೆ ರಾಯರು ಬಚ್ಚಲಲ್ಲಿ ಕಾಲು ಜಾರಿ, ಸೊಂಟದ ಎಲುಬು ಮುರಿದುಕೊಂಡು ಒಂದೂವರೆ ಗಂಟೆ ಬಿದ್ದಿದ್ದಾಗ ಬಾಗಿಲು ತೆಗೆದದ್ದು ಮೋರೀನಬಾಯಿಯ ಬಳಿಯಿದ್ದ ಆ ಬೀಗದ ಕೈಯೇ. ಮಗಳು ಸ್ಮೃತಿ ಕ್ಯಾನರಿ ವಾರ್ಫಿನ ಬ್ಯಾಂಕಿನಿಂದ ಆಸ್ಪತ್ರೆಗೆ ಓಡಿಬರುವ ಹೊತ್ತಿಗೆ ಮೋರೀನಬಾಯಿ ರಾಯರ ಕೈ ಹಿಡಿದುಕೊಂಡು ಕೂತಿದ್ದರು.

ಮೋರೀನ್ ಎಂಬ ಹೆಸರಿಗೆ ಬಾಯಿ ಸೇರಿಸಿದ್ದು ರಾಯರ ಹೆಂಡತಿ ವೈದೇಹಿ. ಧಾರವಾಡದವಳು, ನೆರೆಮನೆಯ ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ಅಲ್ಲಿಂದೀಚೆಗೆ ರಾಯರ ವಾರದಲ್ಲಿ ದಿನವೆಂದು ಉಳಿದದ್ದು ಒಂದೇ, ಶನಿವಾರ. ಹನ್ನೊಂದು ಗಂಟೆಗೆ ಮೋರೀನಬಾಯಿ ಕೇಕು ತರುತ್ತಾರೆ. ರಾಯರು ವೆಂಬ್ಲಿಯ ಇಂಡಿಯನ್ ಅಂಗಡಿಯಿಂದ ತಂದ ಚುರುಮುರಿಗೆ ಒಗ್ಗರಣೆ ಹಾಕಿಟ್ಟಿರುತ್ತಾರೆ. ಉಳಿದ ಆರು ದಿನ ಹೇಗೆ ಅಂತ ಕೇಳಬೇಡಿ. ಟೀವಿ ಮಾತಾಡುತ್ತದೆ, ಇವರು ಕೇಳುತ್ತಾರೆ. ಫ್ಲೂ ಚುಚ್ಚುಮದ್ದಿಗೆ ಬನ್ನಿ ಎಂದು ಸರ್ಜರಿಯ (ಅಲ್ಲಿ ದವಾಖಾನೆಗೆ ಹಾಗನ್ನುತ್ತಾರೆ) ಹುಡುಗಿ ಫೋನ್ ಮಾಡಿದರೆ, ಪಾಪ, ಅವಳ ಜೊತೆಗೂ ನಾಲ್ಕು ಮಾತು ಹೆಚ್ಚಿಗೆ ಆಡಿಯೇ ಫೋನ್ ಇಡುವುದು.

ನವೆಂಬರಿನ ಆ ಶನಿವಾರ ಮೋರೀನಬಾಯಿ ಕೇಕಿನ ಜೊತೆ ಎರಡು ಹಾಳೆ ತಂದಿದ್ದರು. ಸೋಮವಾರ ಹನ್ನೊಂದನೇ ತಾರೀಖು, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ತಮ್ಮ ಮಗ ಕೀರನ್ ಓದಿದ ಶಾಲೆಯಲ್ಲಿ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರಂತೆ. ಆ ಮಾತನ್ನೇ ಹಾಳೆಯಲ್ಲಿ ಬರೆದಿದ್ದರು.

"ನನಗೆ ಅಸ್ತಮಾದ ಸ್ಪೆಲ್ಲಿಂಗ್ ಇವತ್ತಿಗೂ ಬರಲ್ಲ ಡಾಕ್ಟರ್. ಒಂದ್ಸಲ ನೋಡಿ ತಿದ್ದಿಕೊಡಿ," ಎಂದರು. ಮೋರೀನಬಾಯಿ ಆಡುವುದು ಇಂಗ್ಲಿಷೇ, ಅದೂ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರ ಖಡಕ್ ಇಂಗ್ಲಿಷು. ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೇ.

ಅವರು ಹೋದ ಮೇಲೆ ರಾಯರು ಕನ್ನಡಕ ಏರಿಸಿ ಓದಿದರು.

"ಮಕ್ಕಳೇ, ಒಂದು ಸುಳ್ಳು ಕಾಗದ ತೋರಿಸಿ ನಮ್ಮ ದೇಶವನ್ನು ಇರಾಕಿಗೆ ಕರೆದೊಯ್ದರು. ಅಲ್ಲಿವೆ ಅಂದ ಅಸ್ತ್ರಗಳು ಅಲ್ಲಿರಲಿಲ್ಲ. ಎಣ್ಣೆ ಮಾತ್ರ ಇತ್ತು. ನನ್ನ ಕೀರನ್‌ಗೆ ಅಸ್ತಮಾ ಇತ್ತು. ಸೈನ್ಯದ ಡಾಕ್ಟರುಗಳು ಕಣ್ಣು ಮುಚ್ಚಿಕೊಂಡು ಅವನನ್ನು ಸೇರಿಸಿಕೊಂಡರು. ಬಸ್ರಾದಲ್ಲಿ ರಸ್ತೆ ಬದಿಯ ಬಾಂಬಿಗೆ ಸತ್ತ. ಇಪ್ಪತ್ತೊಂದು ವರ್ಷ. ಅದೇ ರಸ್ತೆಯಲ್ಲಿ ಅದೇ ಗಳಿಗೆಗೆ ಸತ್ತ ಒಬ್ಬ ಇರಾಕಿ ಹೆಂಗಸಿನ ಹೆಸರನ್ನು ನಾನು ಎಷ್ಟು ಕೇಳಿದರೂ ಯಾರೂ ಹೇಳಲಿಲ್ಲ. ಆ ವರ್ಷಗಳಲ್ಲಿ ನನಗೆ ಸುಳ್ಳು ಹೇಳದವರು ಒಬ್ಬರೇ, ನಮ್ಮ ಡಾಕ್ಟರ್ ಮಾಧವರಾವ್."

ರಾಯರ ಚಹಾ ಆರಿ ತಣ್ಣಗಾಯಿತು. ಯಾಕೆಂದರೆ ಸೈನ್ಯದ ಡಾಕ್ಟರುಗಳು ಕಣ್ಣು ಮುಚ್ಚಿಕೊಂಡಿರಲಿಲ್ಲ. ಅವರು ನೋಡಿದ್ದು ರಾಯರು ಬರೆದ ಕಾಗದವನ್ನು.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾಯರ ತಂದೆಯೂ ಡಾಕ್ಟರೇ, ಧಾರವಾಡದಲ್ಲಿ ದವಾಖಾನೆ. ಔಷಧಕ್ಕಿಂತ ಸರ್ಟಿಫಿಕೇಟಿಗೇ ಅವರಲ್ಲಿ ಹೆಚ್ಚು ಜನ. ಓದದ ಹುಡುಗರಿಗೆ ಪರೀಕ್ಷೆಯ ದಿನ ಜ್ವರ, ಭಾವಮೈದುನನ ಮದುವೆಗೆ ಹೋಗಬೇಕಾದ ಗುಮಾಸ್ತನಿಗೆ ಭೇದಿ, ಎಲ್ಲ ಅವರ ಸಹಿಯಿಂದಲೇ ಬರುತ್ತಿದ್ದವು. "ಪಾಪ, ಕೈ ಮುಗದು ಕೇಳತಾನ. ಒಂದು ಸಹಿ ಹಾಕಿದರ ನಮ್ಮ ಗಂಟೇನು ಹೋಗತದ?" ಎನ್ನುತ್ತಿದ್ದರು. ಊರೆಲ್ಲ ಅವರನ್ನು ದೇವರಂಥ ಮನುಷ್ಯ ಎಂದಿತು. ಮಗ ಲಂಡನ್ನಿಗೆ ಬಂದು ಇಪ್ಪತ್ತೆಂಟು ವರ್ಷ ಇಂಥ ದೇವರಾಗದೆ ನೆಟ್ಟಗೆ ಕೆಲಸ ಮಾಡಿದ. ಒಂದೇ ಒಂದು ಸಲ ಬಿಟ್ಟು.

ಕೀರನ್ ಹತ್ತೊಂಬತ್ತರ ಹುಡುಗ. ಅವ್ವ ದುಡಿದ ಕಾರ್ಖಾನೆ ಮುಚ್ಚಿ ಅಲ್ಲಿ ಗೋದಾಮು ಎದ್ದಿತ್ತು. ಅದರಲ್ಲಿ ಡಬ್ಬ ಎತ್ತಿ ಎತ್ತಿ ಅವನಿಗೆ ಸಾಕಾಗಿತ್ತು. ಟೀವಿಯಲ್ಲಿ ದಿನಾ ಬಾವುಟ, ಟ್ಯಾಂಕು, ಮರಳು. ಸೈನ್ಯಕ್ಕೆ ಅರ್ಜಿ ಹಾಕಿದ. ಅಲ್ಲಿಂದ ಅವನ ಜಿಪಿಗೆ, ಅಂದರೆ ಖಾಯಂ ನೋಡುವ ಡಾಕ್ಟರಿಗೆ, ಒಂದು ಫಾರಂ ಬಂತು. ಕಳೆದ ನಾಲ್ಕು ವರ್ಷದಲ್ಲಿ ಉಬ್ಬಸ ಇತ್ತೇ? ಇದ್ದರೆ ಹುಡುಗ ಮನೆಗೆ. ಅವನ ಜಿಪಿ ರಾಯರೇ. ಹುಡುಗ ಸರ್ಜರಿಗೆ ಬಂದು, ವೈದೇಹಿ ಕಲಿಸಿದ ಹಾಗೆ ಎರಡೂ ಕೈ ಜೋಡಿಸಿ, "ಪ್ಲೀಸ್ ರೀ, ಡಾಕ್ಟರ್" ಎಂದ. ಆ ಒಂದು "ರೀ" ಸಾಕಾಯಿತು ನಮ್ಮ ಧಾರವಾಡದ ಗಂಡಿಗೆ. ಲಂಡನ್ನು ಮರೆತುಹೋಯಿತು, ಅಪ್ಪನ ದವಾಖಾನೆ ನೆನಪಾಯಿತು. "ಹನ್ನೆರಡನೆಯ ವಯಸ್ಸಿನ ನಂತರ ಯಾವ ಲಕ್ಷಣವೂ ಇಲ್ಲ" ಎಂದು ಬರೆದು ಸಹಿ ಹಾಕಿದರು.

ಹೋಗುವ ಮೊದಲು ಹುಡುಗ, ತನ್ನನ್ನು ಬಸ್ರಾಕ್ಕೆ ಹಾಕಿದ್ದಾರೆ ಎಂದು ಹೇಳಲು ಬಂದಿದ್ದ. ಬಸ್ರಾ! ರಾಯರು ನಕ್ಕುಬಿಟ್ಟಿದ್ದರು. ಅವರು ಸಣ್ಣವರಿದ್ದಾಗ ಓಣಿಯಲ್ಲಿ ಬಸ್ರಾ ಶಾಂತಪ್ಪ ಎಂಬ ಮುದುಕನಿದ್ದ. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರ ದಂಡಿನ ಹೇಸರಗತ್ತೆ ಹೊಡೆದುಕೊಂಡು ಆ ಊರಿಗೆ ಹೋಗಿ, ಒಂದು ಕಾಲು ಅಲ್ಲೇ ಬಿಟ್ಟು ಬಂದವನು. "ಅಲ್ಲಿಗ್ಯಾಕ ಹೋಗಿದ್ದಿ ಅಜ್ಜಾ?" ಎಂದು ಹುಡುಗರು ಕೇಳಿದರೆ, "ಸಾಹೇಬರ ಎಣ್ಣಿ ಇತ್ತಲೇ ಅಲ್ಲಿ, ಕಾಯಾಕ ಹೋಗಿದ್ದೆ" ಎನ್ನುತ್ತಿದ್ದ. "ಮತ್ತ ನಿನಗೇನ ಸಿಕ್ತು?" "ಹೆಸರು ಸಿಕ್ತಲ್ಲೋ, ಬಸ್ರಾ ಶಾಂತಪ್ಪ ಅಂತ!" ಈ ಕತೆಯನ್ನು ರಾಯರು ಕೀರನ್‌ಗೆ ಹೇಳಿದ್ದು ತಮಾಷೆಗೆ. ಎಚ್ಚರಿಕೆ ಎಂದು ಹೇಳಬೇಕಿತ್ತು ಅಂತ ಹೊಳೆದದ್ದು, ಕೆಲವೇ ತಿಂಗಳ ಮೇಲೆ ಬಾವುಟ ಹೊದೆಸಿದ ಪೆಟ್ಟಿಗೆ ಬಂದಾಗ.

ಭಾನುವಾರ ಬೆಳಿಗ್ಗೆ ಸ್ಮೃತಿಯ ಫೋನು ಬಂತು. ರಾಯರು ಎಂದೂ ಬಾಯಿ ಬಿಡದಿದ್ದ ಸಂಗತಿಯನ್ನು ಅವಳ ಮುಂದೆ ಬಿಚ್ಚಿ, ಮೋರೀನಬಾಯಿಗೆ ಹೇಳಿಬಿಡುತ್ತೇನೆ ಎಂದರು.

"ಅಪ್ಪಾ, ಆರ್ ಯು ಮ್ಯಾಡ್? ಟ್ವೆಂಟಿ ಇಯರ್ಸ್ ಆಯ್ತು. ಈಗ ಹೇಳಿದ್ರೆ ಯಾರಿಗೆ ಒಳ್ಳೇದು? ಶೀ ವಿಲ್ ಹೇಟ್ ಯು."

"ಗೊತ್ತದ ಮಗಳ."

"ಆ ರೋಡಲ್ಲಿ ನಿನಗೆ ಬೇರೆ ಯಾರಿದಾರೆ ಹೇಳು? ಪ್ಲೀಸ್, ಡೋಂಟ್."

"ಅದೂ ಗೊತ್ತದ," ಎಂದರು ರಾಯರು. "ಆದರ ನಾಳೆ ಆಕಿ ಸಣ್ಣ ಹುಡುಗರ ಮುಂದ ನಿಂತು ನನ್ನ ಹೆಸರು ಹೇಳ್ತಾಳಲ್ಲ, ಸುಳ್ಳು ಹೇಳದವ ಅಂತ. ಅದನ್ನ ಕೇಳಿಸಿಕೊಂಡು ಮುಂದಿನ ಶನಿವಾರ ಆಕಿ ಕೇಕ್ ಹೆಂಗ ತಿನ್ನಲಿ?"

ಹೇಳಿದಷ್ಟು ಸುಲಭವೇನಲ್ಲ. ಮಧ್ಯಾಹ್ನ ಮೋರೀನಬಾಯಿ ಯುದ್ಧಸ್ಮಾರಕದ ಬಳಿಯ ಭಾನುವಾರದ ಪ್ರಾರ್ಥನೆಯಿಂದ, ಕೋಟಿಗೆ ಸತ್ತ ಸೈನಿಕರ ನೆನಪಿನ ಕೆಂಪು ಕಾಗದದ ಹೂ ಸಿಕ್ಕಿಸಿಕೊಂಡು ವಾಪಸು ಬಂದದ್ದನ್ನು ರಾಯರು ಕಿಟಕಿಯಿಂದ ನೋಡಿದರು. ಮೂರು ಸಲ ಶೂ ಹಾಕಿದರು, ಎರಡು ಸಲ ಬಿಚ್ಚಿದರು. ಶನಿವಾರಗಳೆಲ್ಲ ಕಣ್ಣ ಮುಂದೆ ಬಂದವು. ಕೊನೆಗೆ ಎರಡು ಹಾಳೆ ಹಿಡಿದು ಹೋಗಿ ಗಂಟೆ ಒತ್ತಿದರು. ಒಳಗೆ ಬನ್ನಿ ಎಂದರೂ ಹೋಗದೆ ಹೊಸ್ತಿಲಲ್ಲೇ ನಿಂತು, ಹಾಳೆಗಳನ್ನು ಕೊಟ್ಟು ಹೇಳಿದರು. ಸೈನ್ಯದವರದಲ್ಲ, ತಪ್ಪು ನನ್ನದು. ಫಾರಂ ತುಂಬಿದವನು ನಾನು.

ಮೋರೀನಬಾಯಿ ಕೂಗಾಡಲಿಲ್ಲ. "ಏನು ಬರೆದಿರಿ? ಬರೆದ ಹಾಗೇ ಹೇಳಿ," ಎಂದರು.

"ಹನ್ನೆರಡನೆಯ ವಯಸ್ಸಿನ ನಂತರ ಯಾವ ಲಕ್ಷಣವೂ ಇಲ್ಲ."

"ಅವನ ಹದಿನೇಳನೇ ಹುಟ್ಟುಹಬ್ಬದ ದಿನ ಉಸಿರು ಸಿಗದೆ ತುಟಿ ನೀಲಿಯಾಗಿತ್ತು. ನೀವೇ ಬಂದು ಮುಖಕ್ಕೆ ಮಾಸ್ಕ್ ಹಿಡಿದು ಕೂತಿದ್ರಿ."

"ಹೌದು."

"ಎಲ್ಲ ಗೊತ್ತಿದ್ದೂ ಬರೆದಿರಿ."

"ಹೌದು. ಹುಡುಗ ಕೈ ಮುಗಿದು ಕೇಳಿದ. ಇಲ್ಲ ಅನ್ನೋದಕ್ಕೆ ಆಗಲಿಲ್ಲ."

ಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರು ಆಮೇಲೆ ಹೇಳಿದ್ದು ರಾಯರ ಎಣಿಕೆಯಲ್ಲೇ ಇರಲಿಲ್ಲ. "ಅವನು ಅರ್ಜಿ ಹಾಕಿದಾಗ ನಾನು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆ ಡಾಕ್ಟರ್. ದೇವರೇ, ಇವನ ಎದೆ ಎಂದೂ ಗುಣ ಆಗದಿರಲಿ, ಆ ಉಬ್ಬಸವೇ ಇವನನ್ನ ಮನೆಯಲ್ಲಿ ಉಳಿಸಲಿ ಅಂತ ಬೇಡಿಕೊಂಡೆ. ಆದರೂ ತಗೊಂಡರು. ಹೆತ್ತ ಮಗನಿಗೆ ರೋಗ ಬೇಡಿಕೊಂಡೆನಲ್ಲ, ಅದಕ್ಕೇ ದೇವರು ನನಗೆ ಈ ಶಿಕ್ಷೆ ಕೊಟ್ಟ ಅಂದುಕೊಂಡೆ. ಇಷ್ಟು ವರ್ಷ. ನೀವು ಪಕ್ಕದ ಮನೆಯಲ್ಲೇ ಇದ್ರಿ."

ಬಾಗಿಲು ಮುಚ್ಚಿತು. ಜೋರಾಗೇನಲ್ಲ, ದಿನಾ ಮುಚ್ಚುವ ಹಾಗೇ. ರಾಯರು ಮನೆಗೆ ಬಂದು, ಎಪ್ಪತ್ತೈದರ ಮನುಷ್ಯ, ಮಗುವಿನ ಹಾಗೆ ಅತ್ತರು. ಬಾಂಬು ಇಟ್ಟವನು ತಾನಲ್ಲ ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದರು. ಗೋಡೆಯಾಚೆ ಒಬ್ಬ ತಾಯಿ ತನಗೆ ತಾನೇ ಕೊಟ್ಟುಕೊಳ್ಳುತ್ತಿದ್ದ ಶಿಕ್ಷೆ ಅವರಿಗೆ ಗೊತ್ತೇ ಇರಲಿಲ್ಲ. ಕೇಕು ತಿನ್ನುತ್ತಿದ್ದರು, ಅಷ್ಟೇ.

ಸೋಮವಾರ ಕಳೆಯಿತು. ಮಂಗಳವಾರ ಬೆಳಿಗ್ಗೆ ಬಾಗಿಲಿನ ಪತ್ರದ ಕಿಂಡಿಯಿಂದ ಒಂದು ಲಕೋಟೆ ಕೆಳಗೆ ಬಿತ್ತು. ಒಳಗೆ ಕಾಗದವಿಲ್ಲ. ರಾಯರ ಮನೆಯ ಬೀಗದ ಕೈ ಮಾತ್ರ.

ಸರಿ, ನ್ಯಾಯವಾದದ್ದೇ. ರಾಯರು ಮೊಳೆಯಿಂದ ಮೋರೀನಬಾಯಿಯ ಬೀಗದ ಕೈಯನ್ನು ತೆಗೆದುಕೊಂಡು ಹಿಂದಿರುಗಿಸಲು ಹೋದರು. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ಹಾಳೆಯಿಂದ ನಿಮ್ಮ ಹೆಸರು ಹೊಡೆದುಹಾಕಿದೆ," ಎಂದರು ಬಾಯಿ. "ಸುಳ್ಳು ಕಾಗದಕ್ಕೆ ಕೆಟ್ಟವರೇ ಸಹಿ ಹಾಕ್ತಾರೆ ಅಂದ್ಕೋಬೇಡಿ, ನನ್ನ ಮಗನ ಕಾಗದಕ್ಕೆ ಒಬ್ಬ ಒಳ್ಳೆಯ ಮನುಷ್ಯ ಸಹಿ ಹಾಕಿದ್ದ, ಅಂತ ಮಕ್ಕಳಿಗೆ ಹೇಳಿದೆ."

ರಾಯರು ಬೀಗದ ಕೈ ಚಾಚಿದರು.

ಬಾಯಿ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. "ಅದು ನಿಮ್ಮ ಹತ್ತಿರಾನೇ ಇರಲಿ. ನಿಮ್ಮನ್ನ ಕ್ಷಮಿಸಿದೀನಿ ಅಂತಲ್ಲ. ನನಗೂ ಎಪ್ಪತ್ತನಾಲ್ಕು. ನಾನು ಬಿದ್ದರೆ ಬಾಗಿಲು ತೆಗೆಯೋಕೆ ಬೇರೆ ಯಾರಿದಾರೆ? ಇದ್ದವನು ಬಸ್ರಾದಲ್ಲಿ ಹೋದ."

ಈಗ ಫ್ರಿಜ್ಜಿನ ಪಕ್ಕದ ಮೊಳೆಗೆ ಎರಡು ಬೀಗದ ಕೈ, ಬಾಯಿಯದೂ ರಾಯರದೂ. ಶನಿವಾರ ಹನ್ನೊಂದಕ್ಕೆ ಯಾರೂ ಬರುವುದಿಲ್ಲ. ಗೋಡೆಯಾಚೆ ಏನಾದರೂ ದಪ್ಪೆಂದು ಬಿದ್ದ ಸದ್ದಾದರೆ ರಾಯರು ಟೀವಿಯ ದನಿ ತಗ್ಗಿಸಿ, ಬಾಯಿ ನಡೆದಾಡುವ ಸಪ್ಪಳ ಕೇಳಿಸುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮತ್ತೆ ತಾವು ಸ್ನಾನಕ್ಕೆ ಹೋಗುವಾಗ, ದಿನಾಲೂ, ಮುಂಬಾಗಿಲಿನ ಬೀಗ ತೆಗೆದಿಟ್ಟು ಹೋಗುತ್ತಾರೆ.