ಮೊದಲ ಸಾಲಿನಲ್ಲಿ ಹಾಡು

"ಆ 'ಗಾನಕೋಗಿಲೆ' ತೆಗ್ದುಬಿಡು ಗೌತಮಿ," ಎಂದಳು ರಾಧಾಮಣಿ.

ಗೌತಮಿಯ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ನಾಮಕರಣ, ಶ್ರದ್ಧಾಂಜಲಿ ಎಲ್ಲವನ್ನೂ ಒಂದೇ ಅಕ್ಷರದಲ್ಲಿ ಅಚ್ಚುಮಾಡಿಕೊಡುತ್ತಿದ್ದವಳಿಗೆ ಪತ್ರಿಕಾ ಪ್ರಕಟಣೆ ಹೊಸದು. ಅವಳು ಪರದೆಯಿಂದ ತಲೆ ಎತ್ತಿ, ಅದನ್ನು ಬರೆದುಕೊಂಡು ಬಂದಿದ್ದ ರಾಧಾಮಣಿಯ ಗಂಡ ಚೆನ್ನರಾಯಪ್ಪನ ಮುಖ ನೋಡಿದಳು.

"ಇರ್ಲಿ ಬಿಡಮ್ಮ," ಎಂದ ಚೆನ್ನರಾಯಪ್ಪ. "ಪೇಪರ್ನೋರಿಗೆ ಒಂಚೂರು ದೊಡ್ಡದಾಗೇ ಬರೀಬೇಕು. ಮೊನ್ನೆ ಯಾರೋ ಮೆಂಬರು ಗಿಡ ನೆಟ್ಟಿದ್ದಕ್ಕೆ 'ಹಸಿರು ಕ್ರಾಂತಿಯ ಹರಿಕಾರ' ಅಂತ ಹಾಕ್ಲಿಲ್ವಾ?"

"ಅವ್ರು ಗಿಡನಾದ್ರೂ ನೆಟ್ರು. ನಾನು ಯಾವಾಗ ಕೋಗಿಲೆ ತರ ಕೂಗ್ದೆ?"

"ನೀನು ಸುಮ್ಕಿರೇ. ನಾನು ದಿನಾ ಬಸ್ಸಲ್ಲಿ ಪೇಪರ್ ಓದೋನು."

ಗೌತಮಿ ನಕ್ಕು ಕೋಗಿಲೆಯನ್ನು ಹಾಗೇ ಉಳಿಸಿದಳು. ಚೆನ್ನರಾಯಪ್ಪ ಇಪ್ಪತ್ತು ವರ್ಷದಿಂದ ಖಾಸಗಿ ಬಸ್ಸಿನ ಕಂಡಕ್ಟರ್. ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗಿ ಬರುವುದು ಅವನ ದಿನಚರಿ. ಪ್ರಕಟಣೆಯ ಕವರುಗಳನ್ನು ಟಿಕೆಟ್ ಚೀಲಕ್ಕೆ ಸೇರಿಸಿಕೊಂಡು, ಆಯಾ ಊರಲ್ಲಿ ಬಸ್ ನಿಂತಷ್ಟು ಹೊತ್ತಿನಲ್ಲಿ ಓಡಿಹೋಗಿ ವರದಿಗಾರರಿಗೆ ಮುಟ್ಟಿಸಿ ಬಂದ. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪತ್ರಿಕೆಗಳು ಜಿಲ್ಲೆಗೆಂದೇ ಪುಟ ತೆರೆದಿದ್ದವು. ಪುಟ ತುಂಬಿಸಲು ಅವರಿಗೂ ಸುದ್ದಿ ಬೇಕಲ್ಲ ಎಂಬುದು ಅವನ ಲೆಕ್ಕಾಚಾರ.

ರಾಧಾಮಣಿಯ ತವರು ಜಂಗಮಕೋಟೆ. ರೇಷ್ಮೆಹುಳ ಸಾಕುವ ಮನೆಯಲ್ಲಿ ಬೆಳೆದವಳು. ಹುಳ ಸೊಪ್ಪು ತಿನ್ನುವಾಗ ತಟ್ಟೆಗಳಿಂದ ಏಳುವ, ಹಂಚಿನ ಮೇಲೆ ಸೋನೆ ಬಿದ್ದಂಥ ಸದ್ದು ಮದುವೆಯಾಗಿ ಚಿಂತಾಮಣಿಗೆ ಬಂದ ಮೇಲೂ ಅವಳ ಕಿವಿಯಲ್ಲಿ ಉಳಿದಿತ್ತು. ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಓಟಕ್ಕೆ ಆ ಸದ್ದು ಸೇರಿಕೊಂಡು ಹಾಡಾಗುತ್ತಿತ್ತು. ಹೀಗೆ ಕಟ್ಟಿದ ಎಂಟೊಂಬತ್ತು ಹಾಡುಗಳನ್ನು ಮದುವೆ ವಿಡಿಯೋ ಅಂಗಡಿಯ ಮಹಡಿಯ ಮೇಲಿನ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ ಸಿ.ಡಿ. ಮಾಡಿಸಿದ್ದಳು. ಯಾವ ಕಂಪನಿಯೂ ಅದರ ಹಿಂದೆ ಇರಲಿಲ್ಲ. ಹೊದಿಕೆಯ ಮೇಲಿನ ಹಿಪ್ಪುನೇರಳೆ ಎಲೆಯ ಚಿತ್ರವನ್ನೂ ಗೌತಮಿಯೇ ಮಾಡಿಕೊಟ್ಟಿದ್ದಳು.

ಹಿಂದಿನ ವರ್ಷ ಚಿಂತಾಮಣಿಯಲ್ಲೇ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಬಂದವರು ಬೀಗರು, ಬೀದಿಯವರು ಮತ್ತು ಮೈಕ್ ಸೆಟ್ಟಿನವನು. ಅವರೆಲ್ಲ ಊಟ ಚೆನ್ನಾಗಿತ್ತು ಎಂದು ಹೇಳಿ ಹೋದರು. ಹಾಡಿನ ಮಾತು ಒಬ್ಬರೂ ಎತ್ತಲಿಲ್ಲ. ಈ ಸಲ ಭಾನುವಾರ ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ನೂಲು ಬಿಚ್ಚುವವರ ಸಂಘದ ಹಳೆಯ ಸಭಾಂಗಣದಲ್ಲಿ ಹಾಡುವುದೆಂದು ಗೊತ್ತಾಗಿತ್ತು. ಇಲ್ಲೂ ಯಾರೂ ಬರದಿದ್ದರೆ ಇನ್ನು ರವಿಕೆ ಹೊಲಿದುಕೊಂಡಿರುವುದೇ ಸರಿ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಬುಧವಾರ ಯಾವ ಪತ್ರಿಕೆಯಲ್ಲೂ ಏನೂ ಬರಲಿಲ್ಲ. ಗುರುವಾರ ಒಂದರ ಮೂಲೆಯಲ್ಲಿ, ಕಣ್ಣಿನ ತಪಾಸಣೆ ಶಿಬಿರದ ಕೆಳಗೆ, 'ಭಾನುವಾರ ಶ್ರೀಮತಿ ರಾಜಾಮಣಿ ಅವರಿಂದ ಗಾಯನ' ಎಂಬ ಒಂದು ಸಾಲು ಬಂತು.

ಚೆನ್ನರಾಯಪ್ಪ ಪತ್ರಿಕೆಯನ್ನು ಮಡಿಸಿ ಅಟ್ಟದ ಮೇಲಿಟ್ಟ, ಹೆಂಡತಿಗೆ ಕಾಣದಿರಲಿ ಎಂದು. ಆದರೆ ಎದುರು ಮನೆಯವರು ಅದಾಗಲೇ ತಂದು ತೋರಿಸಿದ್ದರು.

"ನಾಳೆ ನಾನೇ ಹೋಗಿ ಬರ್ತೀನಿ," ಎಂದಳು ರಾಧಾಮಣಿ.

"ಎಲ್ಲಿಗೆ?"

"ಚಿಕ್ಕಬಳ್ಳಾಪುರಕ್ಕೆ. ಆ ಪೇಪರ್ನೋರ ಹತ್ರ."

"ನೀನು ಹೋಗಿ ಏನಂತ ಮಾತಾಡ್ತೀಯೇ?"

"ಗೊತ್ತಿಲ್ಲ. ಹೋದ್ಮೇಲೆ ನೋಡಣ."

ಮರುದಿನ ಬೆಳಿಗ್ಗೆ ಗಂಡನ ಬಸ್ಸಿನಲ್ಲೇ ಹೊರಟಳು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಸುದ್ದಿ ಕಳಿಸುವ ಗಡಿಬಿಡಿ, ಬೆಳಿಗ್ಗೆಯೇ ಹೋಗಬೇಕು ಎಂದು ಗೌತಮಿ ಹೇಳಿಕೊಟ್ಟಿದ್ದಳು. ಪತ್ರಿಕೆಗೆ ಕೊಡುವ ಫೋಟೋದ ಹಿಂದೆ ಹೆಸರನ್ನೂ ಮೊಬೈಲ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು, ಮತ್ತೆ ರಾಜಾಮಣಿ ಆಗದಿರಲಿ ಎಂದು.

ವರದಿಗಾರ ಅಂಬರೀಶ್ ಅವರ ಕೋಣೆ ಒಂದು ಬೀಜ, ಗೊಬ್ಬರದ ಅಂಗಡಿಯ ಮೇಲಿತ್ತು. ಮೆಟ್ಟಿಲುದ್ದಕ್ಕೂ ಗೊಬ್ಬರದ ವಾಸನೆ. ಒಳಗೆ ಫ್ಯಾಕ್ಸ್ ಯಂತ್ರ ಉದ್ದನೆಯ ಕಾಗದವೊಂದನ್ನು ಹೊರಗೆ ಬಿಡುತ್ತಿತ್ತು. ಮೂವತ್ತೈದು ದಾಟಿರದ ಅಂಬರೀಶ್ ಇಡ್ಲಿ ತಿನ್ನುತ್ತಲೇ ಅದನ್ನು ಹರಿದು ಓದಿ ಪಕ್ಕಕ್ಕಿಟ್ಟರು. ರಾಧಾಮಣಿ ತನ್ನ ಹೆಸರು ಹೇಳಿದಾಗ ಮೇಜಿನ ರಾಶಿಯಿಂದ ಪ್ರಕಟಣೆಯನ್ನು ಹುಡುಕಿ ತೆಗೆದರು.

"ಓ, ಕೋಗಿಲೆ," ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಬರೀ ದಣಿವಿತ್ತು. "ಅಮ್ಮ, ಬೇಜಾರು ಮಾಡ್ಕೋಬೇಡಿ. ಇಂಥ ಕೋಗಿಲೆ, ಗಾನಗಂಧರ್ವ ದಿನಾ ಬರ್ತಾರೆ. ನಾನು ಬರೆದು ಕಳ್ಸಿದ್ರೂ ಬೆಂಗಳೂರಲ್ಲಿ ಕತ್ತರಿ ಹಾಕ್ತಾರೆ. ನಿಮ್ಮ ಹಾಡಲ್ಲಿ ಏನಿದೆ ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ."

"ಹುಳದ ಹಾಡು ಸಾರ್. ರೇಷ್ಮೆ ಹುಳದ್ದು."

"ಅಂದ್ರೆ?"

ಹೇಗೆ ವಿವರಿಸಬೇಕೋ ಅವಳಿಗೆ ತಿಳಿಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡಿಯೇಬಿಟ್ಟಳು.

*ಹಸಿರ ತಿಂದು ಬೆಳ್ಳಗೆ ಬೆಳೆದ ಮಗುವೇ*
*ನಿನ್ನ ನಿದ್ದೆಗೆ ನಾನು ಎಚ್ಚರ*
*ನೀ ಸುತ್ತಿಕೊಂಡ ಮನೆಗೆ ಬಾಗಿಲೆಲ್ಲಿ ಮಗುವೇ*
*ಬೀದಿ ತುಂಬಾ ನಿನ್ನ ಸೀರೆಯುಟ್ಟಾರ*

ಅಂಬರೀಶ್ ಕೈ ತೊಳೆಯದೆ ಕೂತಿದ್ದರು. ಕೆಳಗಿನ ಅಂಗಡಿಯವನು ಮೆಟ್ಟಿಲ ಬುಡಕ್ಕೆ ಬಂದು ನಿಂತದ್ದು ಅವನ ಕೆಮ್ಮಿನಿಂದ ತಿಳಿಯಿತು. ಹಾಡು ಮುಗಿದ ಮೇಲೆ ಅವರು ಒಂದೆರಡು ಪ್ರಶ್ನೆ ಕೇಳಿ ಗುರುತು ಹಾಕಿಕೊಂಡರು. ಆಮೇಲೆ, "ಈ ಕವರ್ ಕೊಟ್ಟೋದ್ರಲ್ಲ ಕಂಡಕ್ಟರ್, ಅವರು ಯಾರು?" ಎಂದರು.

"ನಮ್ಮ ಯಜಮಾನ್ರು."

ಅಂಬರೀಶ್ ನೆಟ್ಟಗಾದರು. "ಹೆಂಡತಿ ಹಾಡಿಗೆ ಗಂಡ ಬಸ್ಸಲ್ಲಿ ಊರೂರಿಗೆ ಪ್ರಚಾರ ಮಾಡ್ತಾ ಇದಾರಾ? ಇದನ್ನಲ್ವಾ ನೀವು ಮೊದ್ಲು ಹೇಳ್ಬೇಕಾಗಿದ್ದು. ಇದು ಸುದ್ದಿ. ನಾಳೆ ಬಾಕ್ಸ್ ಐಟಂ ಹಾಕ್ತೀನಿ, ಹೋಗಿ."

ಅವಳು ಕೈಮುಗಿದು ಕೆಳಗಿಳಿದಳು. ಸುದ್ದಿ ಬರುತ್ತದೆ, ಬಂದ ಕೆಲಸ ಆಯಿತು. ಆದರೂ ಕೊನೆಯ ಮೆಟ್ಟಿಲಿನಲ್ಲಿ ಕಾಲು ತಡೆಯಿತು. ಚೆನ್ನರಾಯಪ್ಪ ಓಡಾಡಿದ್ದು ಸುಳ್ಳಲ್ಲ, ಅದು ಪತ್ರಿಕೆಯಲ್ಲಿ ಬಂದರೆ ಅವಳಿಗೂ ಹಿಗ್ಗೇ. ಆದರೆ ಅದನ್ನು ಓದಿ ಬರುವವರು ಯಾರು? ಒಳ್ಳೆಯ ಗಂಡ ಎಂದು ನಾಲಿಗೆ ಚಪ್ಪರಿಸಿ ಪುಟ ಮಗುಚುತ್ತಾರೆ, ಅಷ್ಟೆ. ಹುಳದ ಮನೆಯವರಿಗೆ ಇದು ತಮ್ಮ ಹಾಡು ಎಂದು ಗೊತ್ತಾಗುವುದು ಹೇಗೆ?

ಅವಳು ಮತ್ತೆ ಮೇಲೆ ಹತ್ತಿದಳು.

"ಸಾರ್, ಇವ್ರು ಕವರ್ ತಂದ್ಕೊಟ್ಟಿದ್ದು ಖಂಡಿತ ಬರೀರಿ. ಆದ್ರೆ ಮೊದಲ್ನೇ ಸಾಲಲ್ಲಿ ಹಾಡಿರ್ಲಿ. ಭಾನುವಾರ ಜನ ಬರಬೇಕಾಗಿರೋದು ಹಾಡು ಕೇಳಕ್ಕೆ, ಕಂಡಕ್ಟರ್ ನೋಡಕ್ಕಲ್ಲ."

"ಹೆಡ್ಡಿಂಗ್ ನನ್ನ ಕೈಲಿಲ್ಲಮ್ಮ. ಅದು ಬೆಂಗಳೂರಲ್ಲಿ ಕೂತಿರೋರು ಕೊಡೋದು."

"ಮೊದಲ್ನೇ ಸಾಲು ನಿಮ್ಮ ಕೈಲಿದೆಯಲ್ಲ ಸಾರ್."

ಅಂಬರೀಶ್ ಹಿಂಬದಿ ಖಾಲಿಯಿದ್ದ ಫ್ಯಾಕ್ಸ್ ಕಾಗದದ ತುಂಡೊಂದನ್ನು ಪೆನ್ನಿನ ಜೊತೆ ಮುಂದೆ ತಳ್ಳಿದರು. "ಹಂಗಾದ್ರೆ ನೀವೇ ಬರ್ಕೊಡಿ. ಯಾವುದೋ ಮನೆ ಹೆಂಗಸಿಗೆ ಹೇಳ್ದಂಗೆ ಬರೀರಿ."

ಅವಳು ಬಹಳ ಹೊತ್ತು ತೆಗೆದುಕೊಂಡಳು. ಅಂಬರೀಶ್ ಈ ನಡುವೆ ಎರಡು ಫೋನು ಮಾತಾಡಿ ಮುಗಿಸಿದರು. ಕಾಗದದಲ್ಲಿ ಇದ್ದದ್ದು ಇಷ್ಟು: 'ಹುಳ ಸೊಪ್ಪು ತಿನ್ನುವ ಸದ್ದು ಕೇಳಿ ಬೆಳೆದವಳು ನಾನು. ಆ ಸದ್ದಿಗೆ ಹಾಡು ಕಟ್ಟಿದ್ದೇನೆ. ಹುಳ ಸಾಕುವವರು, ನೂಲು ಬಿಚ್ಚುವವರು ಬಂದು ಕೇಳಬೇಕು. ಬರುವಾಗ ನಿಮ್ಮ ಮನೆಯ ಹುಳದ ಸುದ್ದಿಯನ್ನೂ ತನ್ನಿ. ಅದನ್ನೂ ಹಾಡಿಗೆ ಸೇರಿಸೋಣ.'

ಅಂಬರೀಶ್ ಎರಡು ಸಲ ಓದಿದರು. ಏನನ್ನೂ ತಿದ್ದಲಿಲ್ಲ.

ರಾಧಾಮಣಿ ಅಲ್ಲಿಂದಲೇ ಗೌತಮಿಗೆ ಫೋನು ಮಾಡಿ ಅದೇ ಸಾಲುಗಳನ್ನು ಹೇಳಿದಳು. ಗೌತಮಿ ಬೆರಳಚ್ಚು ಮಾಡಿ ಉಳಿದ ಮೂರು ಊರಿನ ವರದಿಗಾರರಿಗೂ ಕಳಿಸಿದಳು. ಈ ಸಲ ಕೋಗಿಲೆಯನ್ನು ತೆಗೆದಳು, ಚೆನ್ನರಾಯಪ್ಪನನ್ನು ಕೇಳಲಿಲ್ಲ.

ಶನಿವಾರ ಜಿಲ್ಲಾ ಪುಟದ ಮಧ್ಯೆ ಚೌಕಟ್ಟಿನಲ್ಲಿ ಬಂತು. ತಲೆಬರಹ 'ಕಂಡಕ್ಟರ್ ಪತ್ನಿಯ ರೇಷ್ಮೆ ರಾಗ'. ರಾಧಾಮಣಿಯ ಮುಖ ಸ್ವಲ್ಪ ಬಾಡಿತು. ಕೆಳಗೆ ಕಣ್ಣು ಹಾಯಿಸಿದಳು. ಮೊದಲ ಸಾಲು ಅವಳದೇ, ಒಂದಕ್ಷರ ಬದಲಾಗಿರಲಿಲ್ಲ. ಹೆಸರೂ ಸರಿಯಾಗಿತ್ತು. ಚೆನ್ನರಾಯಪ್ಪನ ಓಡಾಟ ಕೊನೆಯ ಪ್ಯಾರಾದಲ್ಲಿತ್ತು.

"ಕೋಗಿಲೆ ಎಲ್ಲಿ ಹೋಯ್ತೇ?" ಎಂದ ಚೆನ್ನರಾಯಪ್ಪ.

"ಹಾರೋಯ್ತು."

ಅವನು ಪುಟವನ್ನು ಇನ್ನೊಮ್ಮೆ ಮೊದಲಿಂದ ಓದಿದ. "ಇಲ್ದಿದ್ರೂ ಚೆನ್ನಾಗೈತೆ ಬಿಡು," ಎಂದು ಒಪ್ಪಿಕೊಂಡ. ಆ ದಿನ ಬಸ್ಸಿನಲ್ಲಿ ಜನ ಅವನನ್ನು ಬಹಳ ರೇಗಿಸಿದರಂತೆ. ಸಂಜೆ ಬಂದು ಹೇಳಿಕೊಳ್ಳುವಾಗ ಅವನ ಕಿವಿ ಕೆಂಪಗಿತ್ತು.

ಭಾನುವಾರ ನಾಲ್ಕು ಗಂಟೆಗೆ ಶಿಡ್ಲಘಟ್ಟದ ಸಭಾಂಗಣದಲ್ಲಿ ಕುರ್ಚಿಗಳು ಸಾಲಲಿಲ್ಲ. ಹೆಂಗಸರು ಜಮಖಾನದ ಮೇಲೆ ಕೂತರು. ಬಿಸಿನೀರಿನಲ್ಲಿ ಗೂಡು ಕೆದಕಿ ಬೆರಳ ತುದಿ ಸುಕ್ಕಾದವರಿದ್ದರು, ದನಕ್ಕೆ ಮೇವು ಹಾಕಿ ನೇರ ಬಂದವರಿದ್ದರು. ಬಾಗಿಲಲ್ಲಿ ಕ್ಯಾಮೆರಾ ಹಿಡಿದು ಅಂಬರೀಶ್ ನಿಂತಿದ್ದರು. ಹಾರ್ಮೋನಿಯಂ ನುಡಿಸುವ ಕೋನಪ್ಪ ಇಷ್ಟು ಜನರನ್ನು ನೋಡಿ ಗಾಬರಿಯಾಗಿ ಮೊದಲ ಹಾಡನ್ನು ಅವಸರದಲ್ಲಿ ಓಡಿಸಿಬಿಟ್ಟ. ಎರಡನೆಯದಕ್ಕೆ ಹದಕ್ಕೆ ಬಂದ.

ಮೂರು ಹಾಡು ಆದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಕದಿರಮ್ಮ ಎಂದು ಪಕ್ಕದವರು ಕೂಗಿ ಕೂರಿಸಲು ನೋಡಿದರು. ಅವಳು ಕೂರಲಿಲ್ಲ.

"ಮನೆ ಸುದ್ದಿ ತರ್ಬೇಕು ಅಂತ ಪೇಪರ್ನಾಗೆ ಬರ್ದಿತ್ತಂತೆ. ನಮ್ಮ ಸೊಸೆ ಓದಿ ಹೇಳಿದ್ಲು. ತಂದಿದ್ದೀನಮ್ಮ, ಹೇಳ್ಲಾ?"

"ಹೇಳಮ್ಮ," ಎಂದಳು ರಾಧಾಮಣಿ.

"ನಂಗೆ ಹುಳ ಅಂದ್ರೆ ಭಯ. ಲಗ್ನ ಆಗಿ ಬಂದೋಳು ಹುಳದ ಮನೆ ಬಾಗ್ಲಲ್ಲೇ ನಿಂತ್ಕೊಂಡು ಅಳ್ತಿದ್ದೆ. ನಮ್ಮತ್ತೆ ಬೈಲಿಲ್ಲ. ಒಂದು ಹುಳ ತಗೊಂಡು ನಾ ಚೇತಿಲೋ ಪೆಟ್ಟಿಂದಿ, ಅಂಗೈ ಮೇಲೆ ಇಟ್ಬಿಟ್ಲು. ತಣ್ಣಗಿತ್ತು. ಕೂಸಿನ ಕೆನ್ನೆ ಇದ್ದಂಗೆ. ಅಷ್ಟೇ ನಮ್ಮ ಸುದ್ದಿ."

ಪತ್ರಿಕೆಗೆ ಬರೆದುಕೊಡುವಾಗ ಸುಲಭವಾಗಿ ಕಂಡ ಮಾತು ಈಗ ಎದುರು ನಿಂತು ಕಾಯುತ್ತಿತ್ತು. ರಾಧಾಮಣಿ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳು ತಟ್ಟಿಕೊಂಡಳು. ಆ ತಾಳ ಹಿಡಿದು ಕೋನಪ್ಪ ಒಂದು ಸ್ವರ ಒತ್ತಿದ.

*ಹೆದರಿ ಬಂದ ಸೊಸೆಯ ಅಂಗೈಗೆ ಅತ್ತೆ*
*ಹುಳವನಿಟ್ಟಳು ಮೆಲ್ಲಗೆ*
*ಕೂಸಿನ ಕೆನ್ನೆ ತಣ್ಣಗಿತ್ತೇ ಕದಿರಮ್ಮ*
*ಅಂಗೈ ತುಂಬಿತೆ ಮೆಲ್ಲಗೆ*

ಕದಿರಮ್ಮ ತನ್ನ ಹೆಸರು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದವಳು ಅವಳ ಬೆನ್ನು ಸವರಿದಳು. ಆಮೇಲೆ ಜಮಖಾನದ ಆ ತುದಿಯಿಂದ ಒಂದು ಕೈ ಎದ್ದಿತು, ಇತ್ತಕಡೆಯಿಂದ ಇನ್ನೊಂದು. "ನಂದೂ ಒಂದೈತೆ ಕಣಮ್ಮ," ಎಂದಳೊಬ್ಬಳು. ತಂದಿದ್ದ ಹಾಡುಗಳಲ್ಲಿ ಅರ್ಧದಷ್ಟನ್ನು ರಾಧಾಮಣಿ ಆ ದಿನ ಹಾಡಲೇ ಇಲ್ಲ.

ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಬಾಗಿಲ ಬಳಿ ಕೂತಿದ್ದ ಗೌತಮಿಯ ಸುತ್ತ ಸಿ.ಡಿ. ಕೇಳುವವರು ನೆರೆದಿದ್ದರು. "ನಮ್ಮನೇಲಿ ಹಾಕೋ ಮಿಶನ್ ಇಲ್ಲ, ಆದ್ರೂ ಇರ್ಲಿ ಕೊಡು," ಎಂದು ಒಬ್ಬಳು ತೆಗೆದುಕೊಂಡು ಹೋದಳು. ಚೆನ್ನರಾಯಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅಂಬರೀಶ್ ಅವನ ಫೋಟೋ ತೆಗೆಯಲು ಹೋದಾಗ, "ಅಲ್ಲಿ ಅವಳ್ದು ತೆಗೀರಿ ಸಾರ್, ನಾನು ಬೆವರಿದ್ದೀನಿ," ಎಂದು ಕುರ್ಚಿಯ ಹಿಂದೆ ಸರಿದ.

ಎಲ್ಲ ಕಟ್ಟಿಕೊಂಡು ಗಂಡ ಹೆಂಡತಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬೀದಿಯಲ್ಲಿ ನೂಲು ತೆಗೆಯುವ ಮನೆಗಳಿಂದ ಬಿಸಿನೀರಿನ, ಬೆಂದ ಗೂಡಿನ ವಾಸನೆ ಬರುತ್ತಿತ್ತು. ಸ್ವಲ್ಪ ಮುಂದೆ ಇಬ್ಬರು ಹೆಂಗಸರು ಹೋಗುತ್ತಿದ್ದರು. ಒಬ್ಬಳು ಮೊದಲ ಹಾಡನ್ನು ಗುನುಗುತ್ತಿದ್ದಳು. ಎರಡನೇ ಸಾಲು ಮರೆತಿತ್ತೇನೋ, ಆ ಜಾಗಕ್ಕೆ ತೆಲುಗಿನಲ್ಲಿ ತನ್ನದೇ ಏನೋ ಒಂದನ್ನು ಸೇರಿಸಿಕೊಂಡಿದ್ದಳು. ಜೊತೆಯವಳು ಅದಕ್ಕೆ ದನಿಗೂಡಿಸಿದಳು.

"ಬೇಗ ಬಾರೇ, ಬಸ್ಸು ಹೊರಡ್ತದೆ," ಎಂದ ಚೆನ್ನರಾಯಪ್ಪ ದಾಪುಗಾಲು ಹಾಕುತ್ತ.

"ನೀವು ಹೋಗಿ ನಿಲ್ಸಿರಿ, ಬರ್ತೀನಿ," ಎಂದಳು ರಾಧಾಮಣಿ. ಆ ಇಬ್ಬರನ್ನು ದಾಟಿಹೋಗದಂತೆ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು, ಅವರ ಹಿಂದೆ ನಡೆದಳು.