ಗೆರೆಕಲ್ಲು

ಹೊಳೆಗೆ ಸೇತುವೆ ಎಂದರೇನೆಂದೇ ಗೊತ್ತಿರದ ಕಾಲದಲ್ಲಿ ದಡದ ದಿಬ್ಬದ ಮೇಲೆ ಒಂದೇ ಒಂದು ಗುಡಿಸಲಿತ್ತಂತೆ. ಅದರಲ್ಲೊಬ್ಬ ಅಂಬಿಗ, ಅವನ ಹೆಂಡತಿ. ದೊಡ್ಡ ನೆರೆ ಬಂದ ವರ್ಷ ನೀರು ಏರಿದ ಜಾಗದಲ್ಲಿ ಅಂಬಿಗ ಆಳುದ್ದದ ಕಲ್ಲು ನೆಟ್ಟು, ನೀರಿನ ಮಟ್ಟಕ್ಕೆ ಗೆರೆ ಕೊರೆದ. ದೋಣಿ ಇಳಿದು ಬಂದವರೆಲ್ಲ ಗೆರೆಗಿಂತ ಮೇಲೆ ಮನೆ ಕಟ್ಟಿಕೊಂಡರು. ಹತ್ತು ಮನೆ ನೂರಾದವು, ಸಂತೆ ಕೂಡಿತು, ಊರು ಪಟ್ಟಣವಾಯಿತು.

ಪಟ್ಟಣಕ್ಕೆ ಜಾಗ ಸಾಲದಾಯಿತು. ಅಂಬಿಗ ಹಾಸಿಗೆ ಹಿಡಿದಾಗ ಜವಳಿ ಸಾಹುಕಾರ ಆ ಕಲ್ಲನ್ನು ಕೀಳಿಸಿ, ದಿಬ್ಬದ ಕೆಳಗೆ ಹೊಸ ಮನೆ ಕಟ್ಟಿಸಿ, ಹಿತ್ತಲಲ್ಲಿ ಅದನ್ನೇ ಒಗೆಯುವ ಕಲ್ಲಾಗಿ ಹಾಸಿಸಿದ. ಆ ಮನೆಗೇ ಅಂಬಿಗನ ಮಗಳು ಸೊಸೆಯಾಗಿ ಹೋಗಿದ್ದಳು.

"ಕಲ್ಲು ಅದರ ಜಾಗಕ್ಕೆ ಹೋಗ್ಬೇಕು ಕಣೇ," ಎಂದು ಹೆಂಡತಿಯಿಂದ ಕೈಮುಟ್ಟಿ ಭಾಷೆ ತೆಗೆದುಕೊಂಡು ಅಂಬಿಗ ಕಣ್ಣುಮುಚ್ಚಿದ.

ಅವಳು ಮಗಳ ಹಿತ್ತಲಿಗೆ ಹೋಗಿ ಕೇಳಿದಳು.

"ಇದನ್ನ ಕಿತ್ರೆ ಬಟ್ಟೆ ಎಲ್ಲಿ ಒಗೀಲಿ? ನಿನ್ನ ತಲೆ ಮೇಲಾ?" ಎಂದಳು ಮಗಳು, ಗೆರೆಯ ಮೇಲೇ ಸೀರೆ ಬಡಿಯುತ್ತ. "ಮಾವನ ಮುಂದೆ ನನ್ನ ಮಾನ ತೆಗೀಬೇಡಮ್ಮ."

ಜಗುಲಿಯಿಂದ ಸಾಹುಕಾರ ನಕ್ಕ. "ಹೊಳೆ ನಿಮಗೆ ಹೇಳಿ ಕಳಿಸ್ತಾ, ಬೀಗರೇ?"

"ಬಂದಾಗ ಮೊದಲು ನಿಮ್ಮ ಬಾಗಿಲೇ ತಟ್ಟುತ್ತೆ ಬಿಡಿ!" ಎಂದು ತಾಯಿ ಸಿಟ್ಟಿನಲ್ಲಿ ಅಂದುಬಿಟ್ಟಳು. ಮನೆ ಮುಟ್ಟುವಷ್ಟರಲ್ಲಿ ಆ ಮಾತಿಗೆ ನಾಲಿಗೆ ಕಚ್ಚಿಕೊಂಡಳು.

ಮೂರನೇ ಮಳೆಗಾಲದಲ್ಲಿ, ಹಾಡಹಗಲೇ, ಹೊಳೆ ತಟ್ಟಿತು. ಅವಳು ದೋಣಿ ಹಾಕಿಕೊಂಡು ಹಿತ್ತಲಿಗೇ ಬಂದಳು. ಮಗಳು ಕಲ್ಲಿನ ಮೇಲೆ ನಿಂತಿದ್ದಳು, ಮೊಣಕಾಲುದ್ದ ನೀರು. ಮೊದಲು ಹತ್ತಿದ್ದು ಸಾಹುಕಾರ, ಆಮೇಲೆ ಅವನ ಮಗ, ಆಮೇಲೆ ಬಟ್ಟೆಯ ನಾಲ್ಕು ಗಂಟು.

"ಗಂಟು ಇಳಿಸಿ, ಬೀಗರೇ! ಮಗಳು ಹತ್ಲಿ!"

"ರೇಷ್ಮೆ ಕಣಮ್ಮಾ, ನೆಂದ್ರೆ ಹೋಯ್ತು. ಇವಳಿಗೇನು, ಅಂಬಿಗನ ಮಗಳು, ಈಜು ಬರುತ್ತೆ. ಇನ್ನೊಂದ್ಸಲ ಬಂದ್ರಾಯ್ತು," ಎನ್ನುತ್ತ ಅವನೇ ಗಳ ಕಿತ್ತುಕೊಂಡು ದೋಣಿ ತಳ್ಳಿದ. ಮಗಳ ಗಂಡ ಗಂಟುಗಳ ಮೇಲೆ ಕೈಯಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದ.

ಇನ್ನೊಂದು ಸಲ ಬಂದಾಗ ಮನೆಯಿರಲಿಲ್ಲ, ಮಗಳಿರಲಿಲ್ಲ.

ನೀರಿಳಿದ ಮೇಲೆ ಸಾಹುಕಾರನೇ ಗಾಡಿಯ ಮೇಲೆ ಕಲ್ಲು ಹೇರಿಸಿಕೊಂಡು ಬಂದ. "ಎಲ್ಲಿ ನೆಡ್ಬೇಕು, ತೋರ್ಸಿ ಬೀಗರೇ."

ತೋರಿಸಿದಳು. ಆಳುಗಳು ಹಳೆಯ ಗುಂಡಿಯನ್ನೇ ತೋಡಿ ಕಲ್ಲು ನಿಲ್ಲಿಸಿದರು. ಮಗಳು ಬಡಿದ ಕಡೆ ಗೆರೆ ಅರ್ಧ ಸವೆದುಹೋಗಿತ್ತು. ಉಳಿದರ್ಧವನ್ನು ಪಕ್ಕದ ಮರದ ಮೇಲಿನ ಹಸಿ ಕೆಸರಿನ ಗುರುತಿಗೆ ಹಿಡಿದು ನೋಡಿದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗುಂಡಿಗೆ ಮಣ್ಣು ತುಂಬಿ, ಹಿಮ್ಮಡಿಯಿಂದ ತುಳಿದು ತುಳಿದು ಗಟ್ಟಿ ಮಾಡಿದಳು.